ದೊಡ್ಡಮ್ಮನ ನಿರ್ನಾಳ ಗ್ರಂಥಿಗಳು

ಶಿಕಾರಿಪುರದಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಅದನ್ನು ನೇರವಾಗಿ ಇನ್ನೊಬ್ಬರ ಮೇಲೆ ತೀರಿಸಿಕೊಳ್ಳುವ ಹಾಗಿಲ್ಲ. ಮೊದಲು ನಮ್ಮ ದೊಡ್ಡಮ್ಮನಿಗೆ ತೋರಿಸಬೇಕು! ಅದು ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತ ಅಡ್ರಿನಲ್ ಗ್ರಂಥಿಯ ಸಿಟ್ಟೋ, ಕುತ್ತಿಗೆಯ ಥೈರಾಯ್ಡ್ ಕೆರಳಿದ್ದರಿಂದ ಬಂದ ಸಿಟ್ಟೋ, ಬರೀ ಹಸಿವೋ ಎಂದು ಅವಳು ಮುಖ ನೋಡಿ, ಕಣ್ಣು ನೋಡಿ, ಅಗತ್ಯ ಬಿದ್ದರೆ ನಾಲಿಗೆ ಚಾಚಿಸಿ ನೋಡಿ ತೀರ್ಮಾನ ಕೊಡುತ್ತಾಳೆ. ಅಷ್ಟು ಹೊತ್ತಿಗೆ ಸಿಟ್ಟು ಬಂದವರಿಗೆ ಅದು ಯಾಕೆ ಬಂದಿತ್ತು ಎನ್ನುವುದೇ ಮರೆತಿರುತ್ತದೆ. ಹಾಗಾಗಿ ಅವರ ಬೀದಿಯಲ್ಲಿ ಜಗಳಗಳು ಬಹಳ ಕಡಿಮೆ. ಜಗಳ ಆಡಲೇಬೇಕೆಂದು ಹಟ ಹಿಡಿದವರು ಪಕ್ಕದ ಬೀದಿಗೆ ಹೋಗಿ ಆಡಿ ಬರುತ್ತಾರೆ.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಓದಿದ್ದು ಏಳನೆಯ ಕ್ಲಾಸು. ದೊಡ್ಡಪ್ಪನದು ಬೀಜ ಗೊಬ್ಬರದ ಅಂಗಡಿ, ಮನೆಯ ಮುಂಭಾಗದಲ್ಲೇ. ಒಬ್ಬನೇ ಮಗ ಶಿವು. ಅಂಬ್ಲಿಗೊಳ ನಾಲೆಯ ಕೆಳಗಿನ ಗದ್ದೆ, ಮೆಕ್ಕೆಜೋಳದ ಹೊಲ ಎರಡನ್ನೂ ನೋಡಿಕೊಂಡು, ಬಿಡುವಾದಾಗ ಅಂಗಡಿಯಲ್ಲೂ ಕೂರುತ್ತಾನೆ. ಹುಡುಗ ಬಂಗಾರದಂಥವನು. ಮೂವತ್ತು ದಾಟಿದರೂ ಅವನಿಗೆ ಹೆಣ್ಣು ಸಿಕ್ಕಿರಲಿಲ್ಲ. ಹೊಲ ಉಳುವವನಿಗೆ ಹೆಣ್ಣು ಕೊಡಲು ಈಗ ಎಲ್ಲರೂ ಹಿಂದೆ ಮುಂದೆ ನೋಡುತ್ತಾರೆ, ಅದು ಸರಿ. ಆದರೆ ಹಿಂದೆ ಮುಂದೆ ನೋಡಿಯೂ ಒಪ್ಪಿದ್ದವರನ್ನು ಓಡಿಸಿದ್ದು ಯಾರು? ನಮ್ಮ ದೊಡ್ಡಮ್ಮನ ಹಾರ್ಮೋನುಗಳು!

ಇದಕ್ಕೆಲ್ಲ ಕಾರಣ ನಾನು ಎಂದು ದೊಡ್ಡಪ್ಪನ ಆರೋಪ. ನಾನು ಸೊರಬದಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು. ಕಾಲೇಜಿಗೆ ಹೊಸ ನಕ್ಷೆಗಳು ಬಂದಾಗ ಹಳೆಯ ನಿರ್ನಾಳ ಗ್ರಂಥಿಗಳ ನಕ್ಷೆಯೊಂದನ್ನು ಮನೆಗೆ ತಂದು ಅಟ್ಟಕ್ಕೆ ಎಸೆದಿದ್ದೆ. ದೊಡ್ಡಮ್ಮ ಆಗಾಗ ಸೊರಬಕ್ಕೆ ಬರುತ್ತಿದ್ದಳು. ಬಂದವಳು ಕಾಫಿ ಕುಡಿದು, "ತಲೆನೋವಿನ ಮಾತ್ರೆ ತರ್ತೀನಿ ತಡಿ" ಎಂದು ಒಬ್ಬಳೇ ಮೆಡಿಕಲ್ ಶಾಪಿಗೆ ಹೋಗಿ ಬರುತ್ತಿದ್ದಳು. ಹಾಗೆ ಬಂದಿದ್ದಾಗ ಒಮ್ಮೆ ಆ ನಕ್ಷೆ ಅವಳ ಕಣ್ಣಿಗೆ ಬಿತ್ತು. ಬಿಚ್ಚಿ ಹಾಸಿ, ಅದರ ಮುಂದೆ ಊಟದ ಹೊತ್ತಿನವರೆಗೂ ಕೂತುಬಿಟ್ಟಳು. ಒಂದೊಂದಕ್ಕೂ ಬೆರಳಿಟ್ಟು, "ಇದೇನು ಮಾಡ್ತದೆ? ಇದು?" ಎಂದು ನನ್ನ ಪ್ರಾಣ ತಿಂದಳು. ಪರೀಕ್ಷೆಗೆ ಕೂರುವ ಹುಡುಗರೂ ನನ್ನನ್ನು ಅಷ್ಟು ಕೇಳಿದವರಲ್ಲ. ಸಂಜೆ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಶಿಕಾರಿಪುರದ ಬಸ್ಸು ಹತ್ತಿದಳು.

ಆ ನಕ್ಷೆ ಅವರ ನಡುಮನೆಯ ಗೋಡೆ ಏರಿತು. ನೀವು ಆ ನಕ್ಷೆ ನೋಡಿರಬಹುದು. ಒಬ್ಬ ಗಂಡಸು, ಒಬ್ಬ ಹೆಂಗಸು. ಮೈಮೇಲೆ ಬಟ್ಟೆ ಇಲ್ಲ, ಚರ್ಮವೂ ಇಲ್ಲ, ಇರುವುದೆಲ್ಲ ಬಣ್ಣಬಣ್ಣದ ಗ್ರಂಥಿಗಳು. ಮೇಲಿನಿಂದ ಶುರುವಾದ ಗ್ರಂಥಿಗಳು ಸೊಂಟದ ಕೆಳಗೂ ಇರುತ್ತವಲ್ಲ, ಅಲ್ಲಿ ತೊಡಕಾಯಿತು. ಬೀಜ ಕೊಳ್ಳಲು ಬಂದ ರೈತರೆಲ್ಲ ಬಾಗಿಲಿಂದ ಇಣುಕಿ ನಕ್ಕು ಹೋಗತೊಡಗಿದಾಗ ದೊಡ್ಡಪ್ಪ ತಲೆ ಮೇಲೆ ಕೈಹೊತ್ತರು. ದೊಡ್ಡಮ್ಮ ಯೋಚಿಸಿ, ಗೊಬ್ಬರದ ಕಂಪನಿಯವರು ಕೊಟ್ಟ ಕ್ಯಾಲೆಂಡರನ್ನು ಆ ಜಾಗಕ್ಕೆ ಸರಿಯಾಗಿ ಮೊಳೆ ಹೊಡೆದು ನೇತುಹಾಕಿದಳು. ಮಾನವೇನೋ ಉಳಿಯಿತು. ಆದರೆ ಹಬ್ಬ ಯಾವತ್ತು, ಅಮಾವಾಸ್ಯೆ ಯಾವತ್ತು ಎಂದು ನೋಡಲು ಬಂದ ಅಕ್ಕಪಕ್ಕದ ಹೆಂಗಸರು ಕ್ಯಾಲೆಂಡರಿನ ಹಾಳೆ ಎತ್ತಿದಾಗಲೆಲ್ಲ ಕಿಟಾರನೆ ಕಿರುಚಿ ಹಿಂದಕ್ಕೆ ಸರಿಯುತ್ತಿದ್ದರು. ಆ ವರ್ಷ ಆ ಬೀದಿಯಲ್ಲಿ ಎಷ್ಟೋ ಮನೆಗಳು ಹಬ್ಬವನ್ನು ಅಂದಾಜಿನ ಮೇಲೆ ಮಾಡಿದವು.

ಅವಳ ಪಾಠ ಮಾತ್ರ ನನ್ನ ಪಾಠಕ್ಕಿಂತ ಚೆನ್ನಾಗಿತ್ತು ಎಂದು ಶಿಕಾರಿಪುರದಿಂದ ಬರುವ ನನ್ನದೇ ವಿದ್ಯಾರ್ಥಿಯೊಬ್ಬ ಹೇಳಿದ. ನಾಳವಿಲ್ಲದ ಗ್ರಂಥಿಗಳು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ, ಅದೇ ಹಾರ್ಮೋನು, ಅದು ರಕ್ತದಲ್ಲಿ ಹರಿದು ದೂರದ ಅಂಗಕ್ಕೆ ಸಂದೇಶ ಮುಟ್ಟಿಸುತ್ತದೆ ಎಂದು ನಾನು ಬೋರ್ಡಿನ ಮೇಲೆ ಬರೆದು ಬರೆದು ಸುಸ್ತಾದರೆ, ಅವಳು ಜಗುಲಿಯಲ್ಲಿ ಕೂತು ಹೇಳುತ್ತಿದ್ದಳು: "ನೋಡ್ರಿ, ತಲೆಯೊಳಗೆ ಕಡಲೆಕಾಳಿನಷ್ಟು ಪಿಟ್ಯುಟರಿ ಐತಲ್ಲ, ಅದು ಈ ಮನೆ ಯಜಮಾನ್ರು ಇದ್ದಂಗೆ. ಅಂಗಡೀಲಿ ಕೂತು 'ಚಾ ತಗಂಬಾ' ಅಂತ ಕೂಗ್ತದೆ. ಆ ಕೂಗಿಗೆ ಟಿಎಸ್‌ಎಚ್ ಅಂತಾರೆ. ಒಳಗೆ ಥೈರಾಯ್ಡು ಚಾ ಮಾಡ್ತಿದ್ರೆ ಕೂಗು ನಿಲ್ತದೆ. ಮಾಡ್ಲಿಲ್ಲ ಅನ್ರಿ, ಕೂಗು ಜೋರಾಗ್ತದೆ. ಲ್ಯಾಬಿನೋರು ಟಿಎಸ್‌ಎಚ್ ಜಾಸ್ತಿ ಐತೆ ಅಂದ್ರೆ ಏನರ್ಥ? ಯಜಮಾನ್ರು ಕೂಗಿ ಕೂಗಿ ಗಂಟ್ಲು ಹರ್ಕಂಡಾರೆ, ಒಳಗೆ ಒಲೆನೇ ಹಚ್ಚಿಲ್ಲ ಅಂತ!"

ಅಷ್ಟರಲ್ಲಿ ಅಂಗಡಿಯಿಂದ ನಿಜವಾಗಿಯೂ ದೊಡ್ಡಪ್ಪನ ಕೂಗು ಕೇಳುತ್ತಿತ್ತು. "ಲೇ, ಚಾ ಎಲ್ಲೇ?"

"ಕೇಳಿದ್ರಾ? ಟಿಎಸ್‌ಎಚ್ಚು!" ಎಂದು ಅವಳು ಕೂತಲ್ಲಿಂದ ಏಳದೆ ಪಾಠ ಮುಂದುವರಿಸುತ್ತಿದ್ದಳು.

ಅವರ ಮನೆಯಲ್ಲಿ ಒಂದು ಎಮ್ಮೆ ಇದೆ. ಒಂದು ಬೆಳಿಗ್ಗೆ ಅದು ಹಾಲು ಇಳಿಸಲಿಲ್ಲ. ಕರುವನ್ನು ಬಿಟ್ಟರು, ಹಿಂಡಿ ಇಟ್ಟರು, ಬೆನ್ನು ಸವರಿದರು, ಊಹೂಂ. ದೊಡ್ಡಮ್ಮ ವಿಚಾರಣೆ ನಡೆಸಿದಾಗ ಸತ್ಯ ಹೊರಬಿತ್ತು: ಹಾಲು ಕರೆಯುವ ಮುಂಚೆ ದೊಡ್ಡಪ್ಪ ಎಮ್ಮೆಗೆ ಬೈದು, ಒಂದು ಏಟೂ ಕೊಟ್ಟಿದ್ದರು. ಶುರುವಾಯಿತು ನೋಡಿ! "ಹೆದರಿದ ದನಕ್ಕೆ ಅಡ್ರಿನಾಲಿನ್ ಏರ್ತದೆ. ಅದು ಏರಿದ್ರೆ ಆಕ್ಸಿಟೋಸಿನ್ ಕೆಲ್ಸ ಮಾಡಲ್ಲ. ಆಕ್ಸಿಟೋಸಿನ್ ಇಲ್ದೆ ಹಾಲು ಹೆಂಗೆ ಇಳೀಬೇಕು? ಹೋಗ್ರಿ, ಎಮ್ಮೆಗೆ ತಪ್ಪಾತು ಅನ್ರಿ."

"ಎಮ್ಮೆಗೆ? ನಾನು?"

"ಹಾಲಿಲ್ಲ ಅಂದ್ರೆ ಚಾ ಇಲ್ಲ."

ಊರಲ್ಲಿ ನಾಲ್ಕು ಜನ ಎದ್ದು ನಿಂತು ನಮಸ್ಕಾರ ಮಾಡುವ ದೊಡ್ಡಪ್ಪ ಆವತ್ತು ಕೊಟ್ಟಿಗೆಗೆ ಹೋಗಿ, ಆಚೀಚೆ ನೋಡಿ, ಎಮ್ಮೆಯ ಕುತ್ತಿಗೆ ತುರಿಸುತ್ತಾ, "ತಪ್ಪಾತವ್ವಾ" ಎಂದರು. ಸ್ವಲ್ಪ ಹೊತ್ತಿಗೆ ಎಮ್ಮೆ ಹಾಲು ಇಳಿಸಿತು. ದೊಡ್ಡಮ್ಮ ತಂಬಿಗೆ ತುಂಬಿಕೊಂಡು ವಿಜಯಿಯಾಗಿ ಒಳಗೆ ಬಂದರೆ, ದೊಡ್ಡಪ್ಪ ಹಿಂದಿನಿಂದ ಬರುತ್ತಾ ಗೊಣಗಿದರು: "ನಂಗೂ ಈ ಮನೇಲಿ ಯಾರಾದ್ರೂ ಹಿಂಗೆ ಕುತ್ಗೆ ತುರಿಸಿದ್ರೆ ನಾನೂ ಏನಾರ ಕೊಡ್ತಿದ್ದೆ."

ಬಸ್ಸಿನ ಕತೆ ಇನ್ನೊಂದು. ಶಿರಾಳಕೊಪ್ಪದಲ್ಲಿ ಬಸ್ಸು ತುಂಬಿ ತುಳುಕುತ್ತಿತ್ತು. ಕಂಡಕ್ಟರು ಬಾಗಿಲಲ್ಲಿ ನಿಂತವರ ಮೇಲೆ ಹರಿಹಾಯುತ್ತಿದ್ದರು. ದೊಡ್ಡಮ್ಮ ಸೀಟಿನಿಂದಲೇ, "ಅಣ್ಣಾರೆ, ಎದೆ ಹೊಡ್ಕಣದು ಜೋರಾಗೈತಾ? ಬಾಯಿ ಒಣಗ್ತದಾ? ಅಡ್ರಿನಾಲಿನ್ ಏರೈತಿ ನಿಮ್ಗೆ. ದಿನಾ ಹಿಂಗಾದ್ರೆ ಕಾರ್ಟಿಸಾಲೂ ಏರಿ ಕೂರ್ತದೆ. ನಿದ್ದೆ ಬರಲ್ಲ, ಹೊಟ್ಟೆ ಬರ್ತದೆ" ಎಂದಳು. ಬಸ್ಸಿನವರೆಲ್ಲ ಕಂಡಕ್ಟರ ಹೊಟ್ಟೆಯನ್ನು ನೋಡಿದರು. ಬಂದಿತ್ತು! ಅಲ್ಲಿಂದ ಸೊರಬದವರೆಗೂ ಆ ಮನುಷ್ಯ ಯಾರಿಗೂ ದನಿ ಎತ್ತಲಿಲ್ಲ. ಇಳಿಯುವಾಗ ಮೆಲ್ಲಗೆ ಬಂದು, "ಅಮ್ಮಾರೆ, ಇದು ಇಳಿಯಾಕೆ ಏನ್ಮಾಡ್ಬೇಕ್ರೀ?" ಎಂದು ಕೇಳಿದರಂತೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಈ ವಿದ್ಯೆ ಎಷ್ಟು ಅಪಾಯದ್ದು ಎಂದು ನಿಮಗೇನು ಗೊತ್ತು? ಎಲ್ಲರೂ ಮೊದಲು ಕೇಳುವುದು ಜಾತಕ. ದೊಡ್ಡಮ್ಮ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಕೇಳುತ್ತಿದ್ದದ್ದು, "ನಿಮ್ಮನೇಲಿ ಥೈರಾಯ್ಡು ಐತೇನ್ರಿ?" ಎಂದು! ಮದುವೆಗೆ ಬಂದ ಹೆಣ್ಣಿರುವ ಮನೆಯಲ್ಲಿ ಕೇಳಬಾರದ ಮಾತು ಇದೊಂದೇ. ಇಲ್ಲದವರಿಗೆ ಅವಮಾನ, ಇದ್ದವರಿಗೆ ಗಾಬರಿ. ಒಂದು ಮನೆಯವರು ಕಾಫಿ ಕೊಡದೆ ಕಳಿಸಿದರು. ಚಂದ್ರಗುತ್ತಿ ಕಡೆಯ ಒಂದು ಸಂಬಂಧ ಎಲ್ಲ ಕೂಡಿಬಂದಿತ್ತು. ಹೊರಡುವಾಗ ದೊಡ್ಡಮ್ಮ ಹುಡುಗಿಯ ಅಜ್ಜಿಯ ಗದ್ದ ಹಿಡಿದು, "ಮೀಸೆ ಬಂತಂತ ಬೇಜಾರು ಮಾಡ್ಕಬ್ಯಾಡ್ರಿ ಅಜ್ಜಿ, ಈ ವಯಸ್ಸಿಗೆ ಈಸ್ಟ್ರೋಜನ್ ಕಮ್ಮಿ ಆದ್ರೆ ಎಲ್ರಿಗೂ ಬರ್ತದೆ" ಎಂದು ಸಮಾಧಾನ ಹೇಳಿದಳು. ಆ ಅಜ್ಜಿಗೆ ತನಗೆ ಮೀಸೆ ಇದೆ ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಸಂಬಂಧ ಅಲ್ಲಿಗೆ ಮುಗಿಯಿತು.

ಹೀಗಿರುವಾಗ ಶಿವು ಒಂದು ಮದುವೆಯಲ್ಲಿ ಊಟ ಬಡಿಸಲು ನಿಂತವನು ಜಡೆ ಊರಿನ ಹುಡುಗಿ ಸುಮಾಳನ್ನು ನೋಡಿದ. ಅವಳು "ಪಲ್ಯ ಸಾಕು" ಎಂದರೂ ಇವನು ಅವಳ ಮುಖ ನೋಡುತ್ತಾ ಬಡಿಸುತ್ತಲೇ ಇದ್ದ. ಅವಳು ನಕ್ಕಳು. ಅಲ್ಲಿಂದ ಫೋನು, ಮೆಸೇಜು. ಕಡೆಗೆ ಅವಳ ಮನೆಯವರು ಬಂದು ನೋಡಿ ಎಂದು ಹೇಳಿಕಳಿಸಿದರು. ಶಿವು ತಾಯಿಯ ಮುಂದೆ ಬಂದು ಕೂತ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಅವ್ವಾ, ಈ ಹುಡುಗಿ ತಪ್ಪಿದ್ರೆ ನಂಗೆ ಮದುವೆನೇ ಬ್ಯಾಡ. ನಿಂಗೆ ಕೈ ಮುಗೀತೀನಿ, ಅವರ ನಡುಮನೇಲಿ ಕೂತಿರೋ ಅಷ್ಟು ಹೊತ್ತು ಒಂದೇ ಒಂದು ಗ್ರಂಥಿ ಹೆಸರು ಎತ್ತಬ್ಯಾಡ."

ದೊಡ್ಡಮ್ಮ ಮಗನ ತಲೆ ಮುಟ್ಟಿ ಭಾಷೆ ಕೊಟ್ಟಳು. ಆದರೂ ನಂಬಿಕೆ ಸಾಲದೆ ಅಪ್ಪ ಮಗ ಸೇರಿ ನನ್ನನ್ನು ಕಾವಲಿಗೆ ಹಾಕಿದರು. ಅವಳು ಬಾಯಿ ತೆರೆಯುವ ಲಕ್ಷಣ ಕಂಡರೆ ನಾನು ಕೆಮ್ಮಬೇಕು.

ಜಡೆಗೆ ಹೋದೆವು. ಅವರ ನಡುಮನೆಯಲ್ಲಿ ಕಂಬಳಿ ಹಾಸಿದ್ದರು. ಹುಡುಗಿಯ ಅಪ್ಪನ ಕಣ್ಣುಗಳು ಸ್ವಲ್ಪ ಮುಂದಕ್ಕೆ ಬಂದಿದ್ದವು, ಫ್ಯಾನಿನ ಕೆಳಗೂ ಅವರು ಬೆವರುತ್ತಿದ್ದರು. ದೊಡ್ಡಮ್ಮ ಅವರ ಕುತ್ತಿಗೆಯನ್ನೇ ನೋಡತೊಡಗಿದಳು. ನಾನು ಕೆಮ್ಮಿದೆ. ಅವಳು ಚಾವಣಿ ನೋಡಿದಳು. ಶಿರಾ ಬಂತು. ಸಕ್ಕರೆ ಕಾಯಿಲೆಯ ದೊಡ್ಡಪ್ಪ ಹೆಂಡತಿಯ ಮುಖವನ್ನೇ ನೋಡುತ್ತಾ ಒಂದು ತಟ್ಟೆ ಮುಗಿಸಿದರು. "ಇನ್ನೊಂಚೂರು ಹಾಕ್ಲಾ ರೀ?" ಎಂದು ಹುಡುಗಿಯ ಸೋದರತ್ತೆ ಕೇಳಿದರೆ, "ಹಾಕ್ರಿ, ಹಾಕ್ರಿ" ಎಂದು ತಟ್ಟೆ ಮುಂದೆ ಚಾಚಿದರು. ಇನ್ಸುಲಿನ್, ಮೇದೋಜ್ಜೀರಕ ಎಲ್ಲ ದೊಡ್ಡಮ್ಮನ ಗಂಟಲವರೆಗೆ ಬಂದು ನಿಂತಿರಬೇಕು. ಮುಖ ಕೆಂಪಾಯಿತು, ಆದರೂ ತುಟಿ ಬಿಚ್ಚಲಿಲ್ಲ. ನಾನು ಕೆಮ್ಮಿದ್ದೇ ಕೆಮ್ಮಿದ್ದು. ಹುಡುಗಿಯ ಅಪ್ಪ ಮರುಕಪಟ್ಟು ನನಗೆ ಕಷಾಯ ಮಾಡಿಸಿ ತಂದರು.

ಸುಮಾ ಬಂದು ಕೂತಳು. ಲಕ್ಷಣವಾದ, ಸ್ವಲ್ಪ ದಪ್ಪನೆಯ, ಸುಸ್ತಾದ ಕಣ್ಣಿನ ಹುಡುಗಿ. ಅವಳ ಸೋದರತ್ತೆ ಹೊಗಳಲು ಶುರುಮಾಡಿದರು: "ನಮ್ಮ ಹುಡ್ಗಿ ಬಾಳ ಚುರುಕು ರೀ. ಕೋಳಿ ಕೂಗೋ ಮುಂಚೆ ಏಳ್ತಾಳೆ. ಹಗಲು ಒಂದ್ ಗಳಿಗೆ ಅಡ್ಡ ಆಗೋದು ಅಂತ ಇಲ್ಲ." ಸುಮಾ ತಲೆ ತಗ್ಗಿಸಿದಳು. ಅದು ನಾಚಿಕೆಯಿಂದ ತಗ್ಗಿಸಿದ್ದಲ್ಲ ಎಂದು ನನಗೂ ಅನ್ನಿಸಿತು.

ದೊಡ್ಡಮ್ಮ ನೀರು ಬೇಕೆಂದು ಎದ್ದು ನೇರ ಅಡುಗೆಮನೆಗೆ ನಡೆದಳು. ಕಾವಲಿನವಳು ನಾನೂ ಹಿಂದೆಯೇ ಓಡಿದೆ. ಒಳಗೆ ಹುಡುಗಿಯ ತಾಯಿ ಗೂಡಿನಲ್ಲಿದ್ದ ಒಂದು ಸಣ್ಣ ಮಾತ್ರೆ ಡಬ್ಬಿಯನ್ನು ಎತ್ತಿ ಅಕ್ಕಿ ಡಬ್ಬದೊಳಗೆ ತುರುಕುತ್ತಿದ್ದರು. ನಮ್ಮನ್ನು ಕಂಡು ಕೈ ಅಕ್ಕಿಯಲ್ಲೇ ನಿಂತಿತು. ದೊಡ್ಡಮ್ಮ ನೋಡಿದಳು. ನಾನು ಪ್ರಾಣ ಹೋಗುವ ಹಾಗೆ ಕೆಮ್ಮಿದೆ.

"ಅದು... ನಂದು ರೀ, ಮಂಡಿನೋವಿಂದು" ಎಂದರು ತಾಯಿ.

"ಅವ್ವನದಲ್ಲ ರೀ." ಬಾಗಿಲಲ್ಲಿ ಸುಮಾ ನಿಂತಿದ್ದಳು. "ನಂದು. ಥೈರಾಯ್ಡಿಂದು. ಹೇಳಬ್ಯಾಡ ಅಂದಿದ್ರು. ಬೆಳಿಗ್ಗೆ ಬ್ಯಾಗ ಏಳಾಕೂ ಆಗ್ತಿರ್ಲಿಲ್ಲ ನಂಗೆ. ಈಗ ಮಾತ್ರೆ ತಗಂಡ ಮೇಲೆ ಪರವಾಗಿಲ್ಲ. ಶಿವು ಅವರಿಗೂ ಇವತ್ತೇ ಹೇಳೋಣ ಅಂತಿದ್ದೆ." ಅವಳ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಶಿವುವಿನ ಮದುವೆ ಆ ಅಕ್ಕಿ ಡಬ್ಬದಲ್ಲಿ ಮುಳುಗಿತು ಎಂದೇ ನಾನು ಅಂದುಕೊಂಡೆ.

ದೊಡ್ಡಮ್ಮ ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿದಳು. ಒಳಗಿಂದ ಒಂದು ಡಬ್ಬಿ ತೆಗೆದಳು. ಅದೇ ಡಬ್ಬಿ. ಅದೇ ಮಾತ್ರೆ.

"ದೊಡ್ಡಮ್ಮಾ!" ಎಂದೆ. ನನ್ನ ಕೆಮ್ಮು ನಿಂತುಹೋಯಿತು. ಸೊರಬದ ಮೆಡಿಕಲ್ ಶಾಪಿನಿಂದ ಅವಳು ಒಬ್ಬಳೇ ಹೋಗಿ ತರುತ್ತಿದ್ದ ತಲೆನೋವಿನ ಮಾತ್ರೆ ಯಾವುದೆಂದು ಆಗ ತಿಳಿಯಿತು. ಊರಿನವರ ಗ್ರಂಥಿಗಳೆಲ್ಲ ಅವಳ ಬಾಯಲ್ಲಿದ್ದವು. ತನ್ನ ಒಂದು ಗ್ರಂಥಿಯ ಸುದ್ದಿ ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ.

"ನೀನು ಭಾಷೆ ಕೊಟ್ಟಿದ್ದೆ..." ಎಂದು ನಾನು ತೊದಲಿದೆ.

"ಭಾಷೆ ನಡುಮನೇದು. ಇದು ಅಡಿಗಿಮನೆ" ಎಂದವಳೇ ಸುಮಾಳ ಕೈಹಿಡಿದು ಕೂರಿಸಿಕೊಂಡಳು. "ನಾನು ಸೊಸೆಯಾಗಿ ಬಂದಾಗ ಬೀಸಾಕಲ್ಲಿನ ಮುಂದೆ ಕೂತಲ್ಲೇ ನಿದ್ದೆ ಹೋಗ್ತಿದ್ದೆ ಕಣವ್ವ. ಕೈಕಾಲು ಎತ್ತಾಕೆ ಆಗ್ತಿರ್ಲಿಲ್ಲ. ನಮ್ಮತ್ತೆ ನಂಗೆ ಮೈಗಳ್ಳಿ ಅಂತ ಹೆಸ್ರಿಟ್ರು. ಮನೆಯೋರೂ ಹಂಗೇ ಅಂದ್ರು. ಎಲ್ರೂ ಅಂದ ಮೇಲೆ ನಾನೂ ನಿಜ ಅಂದ್ಕಂಡೆ. ದೇವ್ರೇ, ನನ್ನ ಸೋಮಾರಿತನ ಬಿಡ್ಸಪ್ಪ ಅಂತ ಕೈಮುಗೀತಿದ್ದೆ. ಶಿವು ದೊಡ್ಡೋನಾದ ಮೇಲೆ ಶಿವಮೊಗ್ಗದಾಗೆ ಒಬ್ರು ಡಾಕ್ಟ್ರಮ್ಮ ರಕ್ತ ನೋಡಿ ಹೇಳಿದ್ರು. ಅಷ್ಟು ವರ್ಷ ಮಲಗಿದ್ದು ನಾನಲ್ಲಂತೆ, ನನ್ನ ಗ್ರಂಥಿಯಂತೆ! ಅವತ್ತು ಬಸ್ಸಲ್ಲಿ ಕೂತು ಅತ್ತಿದ್ದೀನಿ ನೋಡು, ಸಂತೋಷಕ್ಕೆ."

ಸುಮಾ ಅಳುತ್ತಿದ್ದಳು. ಅವಳ ತಾಯಿಯೂ ಅಳುತ್ತಿದ್ದರು. ನನ್ನದೇನು ಕೇಳುತ್ತೀರಿ!

"ಮತ್ತೆ ಹೋದ ಮನೇಲೆಲ್ಲ ಥೈರಾಯ್ಡು ಐತಾ ಅಂತ ಕೇಳ್ತಿದ್ಯಲ್ಲ ದೊಡ್ಡಮ್ಮ?"

"ಇದ್ರೆ ಬ್ಯಾಡ ಅನ್ನಾಕೆ ಕೇಳ್ತಿದ್ದೆ ಅಂದ್ಕಂಡ್ಯಾ? ಇದ್ರೆ ನಂಗೊಬ್ಳು ಜತೆ ಸಿಗ್ತಾಳೆ ಅಂತ ಕೇಳ್ತಿದ್ದೆ" ಎಂದಳು ದೊಡ್ಡಮ್ಮ. ಆಮೇಲೆ ಅಕ್ಕಿಯೊಳಗಿಂದ ಡಬ್ಬಿ ತೆಗೆದು, ಸೆರಗಿನಲ್ಲಿ ಒರೆಸಿ, ಎಲ್ಲರಿಗೂ ಕಾಣುವ ಹಾಗೆ ಗೂಡಿನಲ್ಲಿಟ್ಟಳು. ನಡುಮನೆಗೆ ಬಂದು, "ಹುಡುಗಿ ಒಪ್ಪಿಗೆ" ಎಂದಳು. ಸುಮಾ ಶಿವುವನ್ನು ಹಿತ್ತಲಿಗೆ ಕರೆದು ತಾನೇ ಎಲ್ಲ ಹೇಳಿದಳು. ಅವನು ಅಷ್ಟೇ ತಾನೇ ಎಂದನಂತೆ. ತಾಯಿಯ ಮಾತ್ರೆಯ ಸುದ್ದಿ ಕೇಳಿದಾಗ ಮಾತ್ರ ಒಳಗೆ ಬಂದು ಅವಳ ಪಕ್ಕದಲ್ಲಿ ಅಂಟಿಕೊಂಡು ಕೂತ. ಹಿಂದೆ ಹೆಂಡತಿಗೆ ಮೈಗಳ್ಳಿ ಎಂದಿದ್ದ ದೊಡ್ಡಪ್ಪ ಆ ದಿನವೆಲ್ಲ ಮಂಕಾಗಿದ್ದರು.

ಮದುವೆಯಾಗಿ ಕೆಲವು ತಿಂಗಳಾದ ಮೇಲೆ ನಾನು ಶಿಕಾರಿಪುರಕ್ಕೆ ಹೋಗಿ ಉಳಿದುಕೊಂಡಿದ್ದೆ. ಬೆಳಿಗ್ಗೆ ಎದ್ದು ಬಂದರೆ ಸುಮಾಳ ಕೋಣೆಯ ಬಾಗಿಲ ಮುಂದೆ ದೊಡ್ಡಮ್ಮ ಮಣೆ ಹಾಕಿಕೊಂಡು ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಸಿಪ್ಪೆಯ ಸದ್ದೂ ಆಗಬಾರದೆಂದು ಒಂದೊಂದನ್ನೇ ಮೆತ್ತಗೆ ಸುಲಿಯುತ್ತಿದ್ದಳು. ಅಂಗಡಿಯಿಂದ ದೊಡ್ಡಪ್ಪ ಬೆಕ್ಕಿನ ಹೆಜ್ಜೆಯಲ್ಲಿ ಬಂದು, ತಾವೇ ಚಹಾ ಮಾಡಿಕೊಂಡು, ಒಂದು ಲೋಟ ಹೆಂಡತಿಯ ಪಕ್ಕದಲ್ಲಿಟ್ಟು ಹೋದರು. ನಾನು ಮಾತಾಡಲು ಬಾಯಿ ತೆರೆದರೆ ದೊಡ್ಡಮ್ಮ ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಗೆ. ಹುಡ್ಗಿ ಮಲಗೈತೆ. ಮಲಗ್ಲಿ."

ಸ್ವಲ್ಪ ಹೊತ್ತಿಗೆ ಅವಳು ಎಮ್ಮೆ ನೋಡಲು ಕೊಟ್ಟಿಗೆಗೆ ಎದ್ದು ಹೋದಾಗ ನಾನು ಬಾಗಿಲು ಸರಿಸಿ ಇಣುಕಿದೆ. ಸುಮಾ ಕಣ್ಣು ಬಿಟ್ಟುಕೊಂಡು, ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು, ಸೂರು ನೋಡುತ್ತಾ ಮಲಗಿದ್ದಳು.

"ಎಚ್ಚರ ಇದ್ಯಾ? ಹುಷಾರಿಲ್ವೇನೆ?" ಎಂದೆ.

"ಚೆನ್ನಾಗಿದೀನಿ ಅತ್ತಿಗೆ. ಎಚ್ಚರಾಗಿ ಎಷ್ಟೊತ್ತಾತೋ. ಮಾತ್ರೆನೂ ನುಂಗಿದೀನಿ" ಎಂದು ಅವಳು ಪಿಸುಗುಟ್ಟಿದಳು. "ಆದ್ರೆ ನಾನು ಮಲಗಿದೀನಿ ಅಂತ ಅತ್ತೆ ಅಷ್ಟು ಖುಷಿಯಿಂದ ಕಾಯ್ತಾ ಕೂರ್ತಾರೆ. ಅದಕ್ಕೇ ಏಳಾಕೆ ಮನಸ್ಸಾಗಲ್ಲ. ಬಾಗ್ಲು ಹಾಕಿ ಅತ್ತಿಗೆ, ಅವರು ಬಂದ್ಬಿಡ್ತಾರೆ."

ಕೊಟ್ಟಿಗೆಯ ಕಡೆಯಿಂದ ದೊಡ್ಡಮ್ಮನ ಹೆಜ್ಜೆ ಕೇಳಿಸಿತು. ಸುಮಾ ಕಣ್ಣು ಮುಚ್ಚಿದಳು. ನಾನು ಸದ್ದಾಗದ ಹಾಗೆ ಬಾಗಿಲು ಹಾಕಿದೆ.